ಫೋನೋ, ಟ್ಯಾಬೋ: ಹೋಲಿಕೆ ಪಟ್ಟಿಯಲ್ಲಿ ಇಲ್ಲದ ಸಾಲುಗಳು

ಮಾನ್ಯ ಸಂಪಾದಕರೇ,

ದಸರಾ, ದೀಪಾವಳಿಯ ಮಾರಾಟದ ಹಂಗಾಮು ಬಂತೆಂದರೆ ತಮ್ಮದೂ ಸೇರಿದಂತೆ ಬಹುತೇಕ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳ ಹೋಲಿಕೆ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಎಂಎಎಚ್, ಪೂರ್ತಿ ಚಾರ್ಜ್ ಆಗಲು ಎಷ್ಟು ಹೊತ್ತು ಎಂಬ ವಿವರಗಳು ಅವುಗಳಲ್ಲಿ ತಪ್ಪದೆ ಇರುತ್ತವೆ. ಶಿರಸಿಯಲ್ಲಿ ತೆರಿಗೆ ಮತ್ತು ಲೆಕ್ಕಪತ್ರದ ಕೆಲಸ ಮಾಡಿಕೊಂಡಿರುವ ನನ್ನ ಬಳಿಗೆ ಆ ಪುಟವನ್ನು ಮಡಚಿಕೊಂಡು ಬರುವ ವ್ಯಾಪಾರಿಗಳು, ಅಡಿಕೆ ಬೆಳೆಗಾರರು, ಸಹಕಾರ ಸಂಘಗಳ ಕಾರ್ಯದರ್ಶಿಗಳು ಹಲವರಿದ್ದಾರೆ. ‘ಇದರಲ್ಲಿ ನಮ್ಮ ಕೆಲಸಕ್ಕೆ ಯಾವುದು ಲಾಯಕ್ಕು, ನೀವೇ ಒಂದು ಹೇಳಿಬಿಡಿ’ ಎಂದು ಅವರು ಕೇಳಿದಾಗ ನಾನು ಆ ಪಟ್ಟಿಯನ್ನು ಎಷ್ಟು ಸಲ ಓದಿದರೂ ಉತ್ತರ ಹೊಳೆಯುವುದಿಲ್ಲ. ಅವರಿಗೆ ಬೇಕಾದ ಮಾಹಿತಿ ಪಟ್ಟಿಯಲ್ಲಿ ಇರುವುದೇ ಇಲ್ಲ. ಈ ಪತ್ರವನ್ನು ಬರೆಯುತ್ತಿರುವುದು ಆ ಕಾರಣಕ್ಕೆ.

ಮೊದಲನೆಯದಾಗಿ, ಫೋನ್ ಮತ್ತು ಟ್ಯಾಬ್ಲೆಟ್‌ಗಳನ್ನು ಒಂದಕ್ಕೊಂದು ಎದುರಾಳಿಗಳೆಂಬಂತೆ ನಿಲ್ಲಿಸುವ ಕ್ರಮವೇ ನಮ್ಮ ದೇಶದ ಮಟ್ಟಿಗೆ ಸರಿಯಲ್ಲ. ಇಲ್ಲಿ ಫೋನ್ ಎಂಬುದು ಈಗ ಆಯ್ಕೆಯ ವಸ್ತುವಾಗಿ ಉಳಿದಿಲ್ಲ. 2016ರಲ್ಲಿ ಯುಪಿಐ ಆರಂಭವಾದ ಮೇಲೆ, ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆಗೆ ಬರುವ ಒಟಿಪಿಯೇ ನಮ್ಮ ಸಹಿಯಾದ ಮೇಲೆ, ಸಿಮ್ ಇರುವ ಫೋನಿಲ್ಲದೆ ಬ್ಯಾಂಕು, ತೆರಿಗೆ ಇಲಾಖೆ, ಪಡಿತರ, ಆಸ್ಪತ್ರೆ ಯಾವುದರ ಕೆಲಸವೂ ಸಲೀಸಾಗಿ ಮುಂದೆ ಹೋಗುವುದಿಲ್ಲ. ಯುಪಿಐ ಆ್ಯಪ್ ಅನ್ನು ಮೊದಲ ಬಾರಿ ನೋಂದಾಯಿಸುವಾಗ ಅದೇ ಸಾಧನದಲ್ಲಿರುವ ಸಿಮ್‌ನಿಂದ ಒಂದು ಎಸ್‌ಎಂಎಸ್ ತಾನಾಗಿ ಹೊರಗೆ ಹೋಗಬೇಕು. ಬ್ಯಾಂಕಿನಲ್ಲಿರುವ ಸಂಖ್ಯೆಗೆ ಅದು ತಾಳೆಯಾದರೆ ಮಾತ್ರ ನೋಂದಣಿ ಪೂರ್ಣವಾಗುತ್ತದೆ. ವೈ-ಫೈ ಮಾತ್ರ ಇರುವ ಟ್ಯಾಬ್‌ನಲ್ಲಿ ಇದು ಸಾಧ್ಯವಿಲ್ಲ. ಸಿಮ್ ಹಾಕಬಹುದಾದ ಐಪ್ಯಾಡ್‌ನಲ್ಲೂ ಸಾಧ್ಯವಿಲ್ಲ, ಏಕೆಂದರೆ ಅದರ ಸಿಮ್ ಅಂತರ್ಜಾಲಕ್ಕಷ್ಟೇ ಸೀಮಿತವಾಗಿದ್ದು, ಸಾಮಾನ್ಯ ಕರೆಯನ್ನಾಗಲಿ ಎಸ್‌ಎಂಎಸ್ ಅನ್ನಾಗಲಿ ಅದರಿಂದ ಮಾಡಲು ಬರುವುದಿಲ್ಲ. ಸಿಮ್ ಇರುವ ಕೆಲವು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕರೆ ಮತ್ತು ಎಸ್‌ಎಂಎಸ್ ಎರಡೂ ಇವೆಯಾದರೂ ಎಲ್ಲದರಲ್ಲೂ ಇಲ್ಲ, ಮತ್ತು ಈ ವ್ಯತ್ಯಾಸವನ್ನು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಯಾರೂ ಅಚ್ಚು ಹಾಕುವುದಿಲ್ಲ. ‘ದೊಡ್ಡ ಪರದೆ ಇದೆ, ಇದೊಂದಿದ್ದರೆ ಫೋನೇ ಬೇಡ’ ಎಂಬ ಅಂಗಡಿಯವರ ಮಾತನ್ನು ನಂಬಿ ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವವರು ಮೊದಲು ಇಷ್ಟನ್ನಾದರೂ ವಿಚಾರಿಸಬೇಕು.

ವಾಟ್ಸ್‌ಆ್ಯಪ್‌ನ ವಿಷಯವೂ ಸುಮಾರಾಗಿ ಹೀಗೆಯೇ. ಆಂಡ್ರಾಯ್ಡ್ ಟ್ಯಾಬ್‌ಗೆ 2023ರಲ್ಲೂ ಐಪ್ಯಾಡ್‌ಗೆ 2025ರಲ್ಲೂ ಅದರ ಆ್ಯಪ್ ಬಂದಿತು. ಆದರೆ ಅಲ್ಲಿ ಅದು ಸಾಮಾನ್ಯವಾಗಿ ಫೋನಿಗೆ ಜೋಡಿಸಿದ ಎರಡನೆಯ ಸಾಧನವಾಗಿ ಕೆಲಸ ಮಾಡುತ್ತದೆ. ಮೂಲ ಫೋನನ್ನು ಹದಿನಾಲ್ಕು ದಿನಕ್ಕಿಂತ ಹೆಚ್ಚು ಕಾಲ ಬಳಸದೆ ಇಟ್ಟರೆ ಟ್ಯಾಬ್‌ನಲ್ಲಿರುವುದು ತಾನಾಗಿ ಕಳಚಿಕೊಳ್ಳುತ್ತದೆ. ಹೀಗಾಗಿ ಹಣ ಒಂದೇ ಸಾಧನಕ್ಕೆ ಸಾಲುವಷ್ಟಿದ್ದರೆ ಆ ಹಣ ಫೋನಿಗೇ ಹೋಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಇಷ್ಟಾದ ಮೇಲೂ ಟ್ಯಾಬ್ ಯಾರಿಗೆ ಬೇಕು? ಯಾರ ಕೆಲಸ ಎ4 ಕಾಗದದ ಮೇಲೆ ನಡೆಯುತ್ತದೆಯೋ ಅವರಿಗೆ. ಇದನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ, ಅಳತೆಗೋಲು ಇಟ್ಟು ನೋಡಬಹುದು. ಎ4 ಹಾಳೆಯ ಅಗಲ 210 ಮಿಲಿಮೀಟರ್. ಈಗ ಸಾಮಾನ್ಯವಾಗಿರುವ 6.7 ಇಂಚಿನ ಫೋನನ್ನು ನೆಟ್ಟಗೆ ಹಿಡಿದರೆ ಅದರ ಪರದೆಯ ಅಗಲ ಹೆಚ್ಚುಕಡಿಮೆ 70 ಮಿಲಿಮೀಟರ್, ಅಂದರೆ ಹಾಳೆಯ ಮೂರನೆಯ ಒಂದು ಭಾಗ. ಅಕ್ಷರದ ಗಾತ್ರವನ್ನು ಪಾಯಿಂಟಿನಲ್ಲಿ ಅಳೆಯುತ್ತಾರೆ; ಹಾಳೆಯಲ್ಲಿ 12 ಪಾಯಿಂಟಿನಲ್ಲಿ ಟೈಪಾದ ಅಕ್ಷರ ಫೋನಿನಲ್ಲಿ ಇಡೀ ಪುಟ ಕಾಣುವಂತೆ ತೆರೆದಾಗ 4 ಪಾಯಿಂಟಿನಷ್ಟಾಗುತ್ತದೆ. ಇಂಗ್ಲಿಷಿನ ಅಕ್ಷರವಾದರೆ ಕಣ್ಣು ಕಿರಿದು ಮಾಡಿ ಓದಬಹುದೇನೋ. ಒತ್ತಕ್ಷರ ಕೆಳಗಿಳಿದು, ಗುಣಿತ ಮೇಲೇರುವ ಕನ್ನಡದ ಸಾಲು ಆ ಗಾತ್ರದಲ್ಲಿ ಕಲಸಿಹೋಗುತ್ತದೆ. 11 ಇಂಚಿನ ಟ್ಯಾಬ್‌ನ ಅಗಲ ಉದ್ದ-ಅಗಲ 16:10 ಪ್ರಮಾಣದಲ್ಲಿರುವ ಪರದೆಯಾದರೆ ಸುಮಾರು 148 ಮಿಲಿಮೀಟರ್. ಅದೇ ಅಕ್ಷರ ಅಲ್ಲಿ ಎಂಟೂವರೆ ಪಾಯಿಂಟಿಗೆ ಬಂದು ಹಿಗ್ಗಿಸದೆಯೇ ಓದಲು ಸಿಗುತ್ತದೆ. ಐಪ್ಯಾಡ್‌ನಂತೆ ಪರದೆ ಸ್ವಲ್ಪ ಚೌಕವಾಗಿದ್ದರೆ 9 ಪಾಯಿಂಟಿನ ಹತ್ತಿರಕ್ಕೆ ಬರುತ್ತದೆ. ಎಂಟೂಚಿಲ್ಲರೆ ಇಂಚಿನ ಚಿಕ್ಕ ಟ್ಯಾಬ್‌ಗಳಲ್ಲಿ ಆರೂವರೆ ಪಾಯಿಂಟಿನ ಆಸುಪಾಸು. ಸಿನಿಮಾ ನೋಡುವುದಕ್ಕೂ ಕಾದಂಬರಿ ಓದುವುದಕ್ಕೂ ಆ ಚಿಕ್ಕ ಟ್ಯಾಬ್ ಹಗುರವಾಗಿ ಚೆನ್ನಾಗಿಯೇ ಇರುತ್ತದೆ, ಕಚೇರಿಯ ಕಾಗದಕ್ಕೆ ಮಾತ್ರ ಅಲ್ಲ.

ಇದರ ಅರ್ಥ ನಮ್ಮ ಭಾಗದಲ್ಲಿ ಏನೆಂಬುದಕ್ಕೆ ಜಮೀನಿನ ದಾಖಲೆಯಾದ ಪಹಣಿ ಒಂದು ಸಾಕು. ಬೆಳೆ ಸಾಲಕ್ಕೆ ಬಂದವರ ಪಹಣಿಯನ್ನು ಸಂಘದ ಕಾರ್ಯದರ್ಶಿ ಪಿಡಿಎಫ್‌ನಲ್ಲಿ ತೆರೆದರೆ ನೋಡಬೇಕಾದದ್ದು 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಬೇರೆ ಬ್ಯಾಂಕಿನ ಬೋಜಾ (ಸಾಲದ ಹೊರೆ) ಇದೆಯೇ ಎಂಬುದು, 12ರಲ್ಲಿ ಬೆಳೆ. ಫೋನಿನಲ್ಲಿ ಹಿಗ್ಗಿಸಿದರೆ ಕಾಲಂನ ತಲೆಬರಹ ಮೇಲಕ್ಕೆ ಓಡಿಹೋಗುತ್ತದೆ. ತಲೆಬರಹ ನೋಡಲು ಕುಗ್ಗಿಸಿದರೆ ಹಿಸ್ಸೆ ಸಂಖ್ಯೆ ಓದಲು ಬರುವುದಿಲ್ಲ. ಜಂಟಿ ಖಾತೆಯಲ್ಲಿ ಏಳೆಂಟು ಹೆಸರುಗಳಿದ್ದು ಪ್ರತಿಯೊಬ್ಬರ ಎದುರಿಗೆ ಎಕರೆ, ಗುಂಟೆ, ಆಣೆ ಇದ್ದರಂತೂ ಬೆರಳು ಆಚೀಚೆ ಜಾರಿದಂತೆಲ್ಲ ಒಬ್ಬರ ಕ್ಷೇತ್ರವನ್ನು ಇನ್ನೊಬ್ಬರ ಹೆಸರಿಗೆ ಓದುವ ಅಪಾಯವಿದೆ. ದೊಡ್ಡ ಟ್ಯಾಬ್‌ನಲ್ಲಿ ಇಡೀ ಹಾಳೆ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಕಾರ್ಯದರ್ಶಿ, ವಕೀಲ, ಎಂಜಿನಿಯರ್, ಉತ್ತರ ಪತ್ರಿಕೆಯ ಮೇಲೆ ಗುರುತು ಹಾಕುವ ಉಪನ್ಯಾಸಕ, ಕರಡು ತಿದ್ದುವ ಬರಹಗಾರ ಇವರೆಲ್ಲ ಟ್ಯಾಬ್‌ಗೆ ಹಣ ಹಾಕುವುದರಲ್ಲಿ ಅರ್ಥವಿದೆ. ಪೆನ್ನಿನಿಂದ ಬರೆಯುವ ಕೆಲಸವಿದ್ದರೆ ಪೆನ್ನು ಜೊತೆಗೇ ಬರುತ್ತದೆಯೇ, ಬೇರೆಯಾಗಿ ಕೊಳ್ಳಬೇಕೇ ಎಂಬುದನ್ನು ಬೆಲೆಗೆ ಸೇರಿಸಿ ನೋಡಬೇಕು. ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್ ಸರಣಿಯಲ್ಲಿ ಪೆನ್ನು ಪೆಟ್ಟಿಗೆಯೊಳಗೇ ಇರುವುದು ರೂಢಿ, ಐಪ್ಯಾಡ್‌ಗೆ ಅದು ಪ್ರತ್ಯೇಕ ಖರ್ಚು.

ಹಾಗೆಂದು ಟ್ಯಾಬ್ ಇದ್ದರೆ ಕಂಪ್ಯೂಟರ್ ಬೇಡ ಎಂಬ ಮಾತನ್ನೂ ನಾನು ಒಪ್ಪಲಾರೆ. ನನ್ನ ವೃತ್ತಿಯನ್ನೇ ತೆಗೆದುಕೊಂಡರೆ, ಕಂಪನಿಗಳ ಜಿಎಸ್‌ಟಿ ರಿಟರ್ನ್‌ಗೆ ಡಿಜಿಟಲ್ ಸಹಿ ಕಡ್ಡಾಯ. ಆ ಸಹಿಯ ಯುಎಸ್‌ಬಿ ಟೋಕನ್ ಕೆಲಸ ಮಾಡಬೇಕಾದರೆ ಅದರ ಚಾಲಕ ತಂತ್ರಾಂಶ ಇರುವ ಕಂಪ್ಯೂಟರೇ ಬೇಕು. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯೂ ವಿಂಡೋಸ್‌ಗೆಂದೇ ಸಿದ್ಧವಾದದ್ದು. ಇನ್ನೊಂದು ಸೂಕ್ಷ್ಮವನ್ನು ಯಾವ ಹೋಲಿಕೆ ಪಟ್ಟಿಯಲ್ಲೂ ನಾನು ಕಂಡಿಲ್ಲ. ಮೈಕ್ರೊಸಾಫ್ಟ್‌ನ ಎಕ್ಸೆಲ್ ಮತ್ತು ವರ್ಡ್ ಆ್ಯಪ್‌ಗಳಲ್ಲಿ ಉಚಿತವಾಗಿ ತಿದ್ದುಪಡಿ ಮಾಡುವ ಅವಕಾಶ ಇರುವುದು 10.1 ಇಂಚು ಅಥವಾ ಅದಕ್ಕಿಂತ ಚಿಕ್ಕ ಪರದೆಯ ಸಾಧನಗಳಿಗೆ ಮಾತ್ರ. ಅದಕ್ಕಿಂತ ದೊಡ್ಡದಾದರೆ ಓದಬಹುದು, ತಿದ್ದಬೇಕಾದರೆ ವರ್ಷವರ್ಷ ಚಂದಾ ಕಟ್ಟಬೇಕು. ಕೆಲಸಕ್ಕೆ ಅನುಕೂಲವಾಗಲೆಂದು 11 ಇಂಚಿನದನ್ನೇ ಆರಿಸಿದವರು ಫೋನಿನಲ್ಲಿ ಪುಕ್ಕಟೆಯಾಗಿ ಆಗುತ್ತಿದ್ದ ಕೆಲಸಕ್ಕೆ ಇಲ್ಲಿ ಹಣ ತೆರಬೇಕಾಗುತ್ತದೆ. ಗೂಗಲ್ ಶೀಟ್ಸ್‌ನಂಥ ಉಚಿತ ದಾರಿಗಳಿವೆ, ನಿಜ. ಆದರೆ ಲೆಕ್ಕಪರಿಶೋಧಕರು ಕಳುಹಿಸಿದ ಸೂತ್ರಗಳಿರುವ ಕಡತವನ್ನು ಬೇರೆ ಆ್ಯಪ್‌ನಲ್ಲಿ ತೆರೆದು ಉಳಿಸಿ ವಾಪಸು ಕಳಿಸುವಾಗ ಏನಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಒಳಿತು.

ಈಗ ಅಗ್ಗದ ಟ್ಯಾಬ್‌ಗಳ ಮಾತು. ಬೆಲೆಯನ್ನು ಮೊದಲು ನಿಶ್ಚಯಿಸಿ ಕೆಲಸವನ್ನು ಆಮೇಲೆ ಹುಡುಕುವ ಅಭ್ಯಾಸಕ್ಕೆ ನಮ್ಮಲ್ಲಿ ಚರಿತ್ರೆಯೇ ಇದೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ ‘ಆಕಾಶ್’ ಟ್ಯಾಬ್ ಜಗತ್ತಿನಲ್ಲೇ ಅಗ್ಗದ್ದೆಂದು ಹೆಸರಾಯಿತು. 256 ಎಂಬಿ ರ‍್ಯಾಮ್, ಒತ್ತಿದರಷ್ಟೇ ಸ್ಪಂದಿಸುವ ಹಳೆಯ ಬಗೆಯ ಏಳಿಂಚಿನ ಪರದೆ ಇದ್ದ ಅದು ತರಗತಿಯೊಳಗೆ ನೆಲೆಯೂರಲೇ ಇಲ್ಲ. 2021ರಲ್ಲಿ ಕೋವಿಡ್ ಕಾಲದ ಆನ್‌ಲೈನ್ ಪಾಠಕ್ಕೆಂದು ನಮ್ಮ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಮುಂದಾದಾಗ ಸಾಧನದ ಗುಣಮಟ್ಟ ಸುಧಾರಿಸಿತ್ತು, ಆದರೆ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವುದೇನೂ ನಿಂತಿರಲಿಲ್ಲ. ಇವತ್ತಿಗೂ ಹತ್ತು ಹನ್ನೆರಡು ಸಾವಿರದ ಟ್ಯಾಬ್‌ಗಳಲ್ಲಿ ಸಂಗ್ರಹಕ್ಕೆ ಬಳಸುವ ಚಿಪ್ ಇಎಂಎಂಸಿ ಬಗೆಯದಾಗಿರುವುದು ಸಾಮಾನ್ಯ; ಅದೇ ಬೆಲೆಗಿಂತ ತುಸು ಮೇಲಿನ ಫೋನ್‌ಗಳಲ್ಲಿ ಅದಕ್ಕಿಂತ ಬಹಳ ಚುರುಕಾದ ಯುಎಫ್‌ಎಸ್ ಬಂದಾಗಿದೆ. ಕೊಂಡ ಮೊದಲ ವಾರ ಈ ಅಂತರ ಗೊತ್ತಾಗುವುದಿಲ್ಲ. ಜಾಗ ಮುಕ್ಕಾಲು ತುಂಬಿ, ನಾಲ್ಕಾರು ಆ್ಯಪ್‌ಗಳು ಒಟ್ಟಿಗೆ ಅಪ್‌ಡೇಟ್ ಆಗತೊಡಗಿದಾಗ ಗೊತ್ತಾಗುತ್ತದೆ. ಪಟ್ಟಿಯಲ್ಲಿ ‘128 ಜಿಬಿ’ ಎಂದಷ್ಟೇ ಬರೆದು ಅದು ಯಾವ ಬಗೆಯದೆಂದು ಬರೆಯದಿರುವುದು ಬಸ್ಸಿನಲ್ಲಿ ಎಷ್ಟು ಸೀಟಿದೆಯೆಂದು ಹೇಳಿ ಎಂಜಿನ್ ಯಾವುದೆಂದು ಹೇಳದಿದ್ದಂತೆ.

ನಾನು ಎಲ್ಲಕ್ಕಿಂತ ಹೆಚ್ಚು ಮಹತ್ವ ಕೊಡುವುದು ಸಾಧನದ ಆಯುಸ್ಸಿಗೆ. ಆಯುಸ್ಸೆಂದರೆ ಗಾಜು ಒಡೆಯದೆ ಎಷ್ಟು ಕಾಲ ಉಳಿಯುತ್ತದೆ ಎಂಬುದಷ್ಟೇ ಅಲ್ಲ, ತಯಾರಕರು ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತಾರೆ ಎಂಬುದು. ಬ್ಯಾಂಕಿನ ವ್ಯವಹಾರವೆಲ್ಲ ಒಂದು ಸಾಧನದೊಳಗೆ ಇರುವಾಗ ಅಪ್‌ಡೇಟ್ ನಿಂತ ಫೋನನ್ನು ಬಳಸುವುದು ಅಪಾಯದ ಕೆಲಸ. ಕಾಲಕ್ರಮೇಣ ಬ್ಯಾಂಕಿನ ಆ್ಯಪ್‌ಗಳೇ ಹಳೆಯ ಆಂಡ್ರಾಯ್ಡ್ ಆವೃತ್ತಿಯಲ್ಲಿ ತೆರೆಯಲು ನಿರಾಕರಿಸುತ್ತವೆ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನ್‌ಗಳಿಗೆ ಏಳು ವರ್ಷಗಳ ಅಪ್‌ಡೇಟ್ ಘೋಷಿಸಿತು, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ಎಸ್ 24 ಸರಣಿಗೆ ಅದೇ ಭರವಸೆ ಕೊಟ್ಟಿತು. ಆ ವರ್ಷವೇ ಅದರ ಮಧ್ಯಮ ಬೆಲೆಯ ಎ 16 5ಜಿ ಫೋನಿಗೆ ಆರು ವರ್ಷಗಳ ಭರವಸೆ ಬಂದದ್ದು ಸಾಮಾನ್ಯ ಕೊಳ್ಳುಗರ ದೃಷ್ಟಿಯಿಂದ ನನಗೆ ಅದಕ್ಕಿಂತ ದೊಡ್ಡ ಸುದ್ದಿಯಾಗಿ ಕಂಡಿತು. ಆ್ಯಪಲ್ ಮೊದಲೇ ಇಂತಿಷ್ಟು ವರ್ಷವೆಂದು ದೊಡ್ಡದಾಗಿ ಸಾರುವುದಿಲ್ಲವಾದರೂ ನಡತೆಯಲ್ಲಿ ಹಿಂದೆ ಬಿದ್ದಿಲ್ಲ: 2018ರ ಐಫೋನ್ ಎಕ್ಸ್‌ಎಸ್ ಮತ್ತು ಎಕ್ಸ್‌ಆರ್‌ಗಳು ಹೊಸ ಆವೃತ್ತಿಯ ಪಟ್ಟಿಯಿಂದ ಹೊರಬಿದ್ದದ್ದು 2025ರಲ್ಲಿ. ಇದಕ್ಕೆ ವ್ಯತಿರಿಕ್ತವಾಗಿ ಕಡಿಮೆ ಬೆಲೆಯ ಅನೇಕ ಫೋನ್‌ಗಳಿಗೂ, ಅದಕ್ಕಿಂತ ಹೆಚ್ಚಾಗಿ ಕಡಿಮೆ ಬೆಲೆಯ ಟ್ಯಾಬ್‌ಗಳಿಗೂ ಸಿಗುವ ಅಪ್‌ಡೇಟ್ ಎರಡು ಮೂರು ವರ್ಷದ್ದು.

ಇಲ್ಲಿ ಒಂದು ಮರೆಮಾಚಿದ ಲೆಕ್ಕವೂ ಇದೆ. ಈ ವರ್ಷಗಳನ್ನು ಎಣಿಸುವುದು ನಾವು ಕೊಂಡ ದಿನದಿಂದಲ್ಲ, ಆ ಮಾದರಿ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ. ಹಬ್ಬದ ಮಾರಾಟದಲ್ಲಿ ಭಾರೀ ರಿಯಾಯಿತಿಗೆ ಸಿಗುವುದು ಹೆಚ್ಚಾಗಿ ಒಂದೆರಡು ವರ್ಷ ಹಳೆಯ ಮಾದರಿ. ನಾಲ್ಕು ವರ್ಷದ ಅಪ್‌ಡೇಟ್ ಇರುವ, ಎರಡು ವರ್ಷ ಹಳೆಯದಾದ 16,000 ರೂಪಾಯಿಯ ಫೋನನ್ನು ಕೊಂಡವರಿಗೆ ಉಳಿದದ್ದು ಎರಡು ವರ್ಷ, ಅಂದರೆ ವರ್ಷಕ್ಕೆ ಎಂಟು ಸಾವಿರ. ಆರು ವರ್ಷದ ಭರವಸೆಯೊಂದಿಗೆ ಈಗಷ್ಟೇ ಬಂದ 21,000 ರೂಪಾಯಿಯ ಫೋನಿನ ಖರ್ಚು ವರ್ಷಕ್ಕೆ ಮೂರೂವರೆ ಸಾವಿರ. ಅಂಗಡಿಯ ಗೋಡೆಯ ಮೇಲಿನ ಬೆಲೆಚೀಟಿಯಲ್ಲಿ ಅಗ್ಗವಾಗಿ ಕಾಣುವುದು ಯಾವುದು, ನಿಜಕ್ಕೂ ಅಗ್ಗವಾದದ್ದು ಯಾವುದು ಎಂಬುದನ್ನು ನನ್ನ ಕಚೇರಿಗೆ ಬಂದವರ ಎದುರು ಕಾಗದದ ಮೇಲೆ ಭಾಗಿಸಿ ತೋರಿಸಿದ ಮೇಲೆ ಮೆಗಾಪಿಕ್ಸೆಲ್‌ನ ಮಾತು ತಾನಾಗಿ ನಿಲ್ಲುತ್ತದೆ.

ಯುರೋಪಿನ ಒಕ್ಕೂಟ ಈ ವಿಷಯವನ್ನು ಕಂಪನಿಗಳ ಔದಾರ್ಯಕ್ಕೆ ಬಿಟ್ಟಿಲ್ಲ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನ್ ಮತ್ತು ಟ್ಯಾಬ್‌ಗಳಿಗೆ, ಆ ಮಾದರಿಯ ಮಾರಾಟ ನಿಂತ ದಿನದಿಂದ ಕನಿಷ್ಠ ಐದು ವರ್ಷ ಅಪ್‌ಡೇಟ್ ಒದಗಿಸಬೇಕು. ಮುಖ್ಯ ಬಿಡಿಭಾಗಗಳನ್ನು ಏಳು ವರ್ಷ ಕಾಲ ಸಿಗುವಂತೆ ಇಡಬೇಕು. ಬ್ಯಾಟರಿ ಎಂಟುನೂರು ಬಾರಿ ಪೂರ್ತಿ ಚಾರ್ಜ್ ಆದ ಮೇಲೂ ತನ್ನ ಮೂಲ ಸಾಮರ್ಥ್ಯದ ಶೇ 80ರಷ್ಟನ್ನು ಉಳಿಸಿಕೊಂಡಿರಬೇಕು. ದುರಸ್ತಿ ಎಷ್ಟು ಸುಲಭ ಎಂಬ ದರ್ಜೆಯನ್ನು ಪೆಟ್ಟಿಗೆಯ ಜೊತೆಗಿನ ಚೀಟಿಯಲ್ಲೇ ತೋರಿಸಬೇಕು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ಆರಂಭಿಸಿದೆ, ದುರಸ್ತಿ ಸೂಚ್ಯಂಕದ ಕುರಿತು ನೇಮಿಸಿದ ಸಮಿತಿ 2025ರಲ್ಲಿ ವರದಿಯನ್ನೂ ಕೊಟ್ಟಿದೆ. ಅದು ಚೀಟಿಯಾಗಿ ನಮ್ಮೂರಿನ ಅಂಗಡಿಯವರೆಗೆ ಬರುವ ತನಕ ಕೊಳ್ಳುವವರು ತಾವೇ ವಿಚಾರಿಸಿಕೊಳ್ಳಬೇಕು. ನಮ್ಮೂರಿನ ರಿಪೇರಿ ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ ಫೋನ್‌ಗಳ ಡಿಸ್‌ಪ್ಲೇ ಒರಿಜಿನಲ್ಲೋ ಕಾಪಿಯೋ ಅಂತೂ ಒಂದೆರಡು ದಿನದಲ್ಲಿ ಸಿಗುತ್ತದೆ. ಟ್ಯಾಬ್‌ನ ಡಿಸ್‌ಪ್ಲೇ ಒಡೆದರೆ ಹುಬ್ಬಳ್ಳಿಗೆ ಹೇಳಿ ಕಳಿಸಬೇಕು, ಅಲ್ಲಿಯೂ ಇಲ್ಲದಿದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆ. ಕೇಳಿದ ದರಕ್ಕೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ ಎಂದು ಅಂಗಡಿಯವನೇ ಹೇಳುವುದುಂಟು.

ಮಳೆಗಾಲವನ್ನು ಬೇರೆ ಊರಿನವರು ಅಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಲಿಕ್ಕಿಲ್ಲ, ನಮಗೆ ಅನಿವಾರ್ಯ. ಮಧ್ಯಮ ಬೆಲೆಯ ಫೋನ್‌ಗಳಲ್ಲೂ ಈಗ ನೀರು, ದೂಳಿನಿಂದ ರಕ್ಷಣೆಯ ಐಪಿ ದರ್ಜೆ ಇರುತ್ತದೆ. ಟ್ಯಾಬ್‌ಗಳಲ್ಲಿ ಬಹುಪಾಲಿಗೆ ಅದಿಲ್ಲ. ತೋಟಕ್ಕೆ, ಸರ್ವೆಗೆ, ಕಟ್ಟಡದ ಜಾಗಕ್ಕೆ ಒಯ್ಯುವ ಸಾಧನವಾದರೆ ಇದನ್ನು ನೋಡಲೇಬೇಕು. ಜೊತೆಗೆ, ವೈ-ಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದಿಲ್ಲ, ಸಿಮ್ ಇರುವ ಮಾದರಿಯಲ್ಲಷ್ಟೇ ಇರುತ್ತದೆ. ಸರ್ವೆ ನಂಬರಿನ ಗಡಿಯನ್ನು ‘ದಿಶಾಂಕ್’ ಆ್ಯಪ್‌ನಲ್ಲಿ ನೋಡಲು, ಬೆಳೆ ಸಮೀಕ್ಷೆಯಲ್ಲಿ ತೋಟದಲ್ಲಿ ನಿಂತು ಚಿತ್ರ ತೆಗೆಯಲು ನಿಂತ ಸ್ಥಳ ಕರಾರುವಾಕ್ಕಾಗಿ ಗೊತ್ತಾಗಬೇಕಾದಲ್ಲಿ ಇದು ಸಣ್ಣ ಸಂಗತಿಯಲ್ಲ.

ಸ್ವಂತ ಫೋನನ್ನು ಕಚೇರಿ ಕೆಲಸಕ್ಕೆ ಬಳಸಬೇಕಾದವರ ಪ್ರಶ್ನೆಯನ್ನೂ ಇಲ್ಲಿಯೇ ಹೇಳಬೇಕು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕಿಳಿದಾಗ, ಹತ್ತಾರು ಆ್ಯಪ್‌ಗಳ ಕೆಲಸವನ್ನು ಸೌಲಭ್ಯ ಕೊಡದೆ ಹೊರಿಸಲಾಗಿದೆ ಎಂಬುದು ಅವರ ದೂರುಗಳಲ್ಲಿ ಮುಖ್ಯವಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ಮನೆಮನೆಗೆ ಹೋದದ್ದೂ ಮೊಬೈಲ್ ಆ್ಯಪ್ ಹಿಡಿದುಕೊಂಡೇ. ಆರಂಭದ ದಿನಗಳಲ್ಲಿ ಸರ್ವರ್ ಮತ್ತು ಆ್ಯಪ್‌ನ ತೊಂದರೆಗಳನ್ನು ತಾವೇ ವರದಿ ಮಾಡಿದ್ದೀರಿ. ಕೆಲಸ ಕೊಡುವವರು ಸಾಧನವನ್ನು ಕೊಡುವುದಿಲ್ಲವಾದರೆ, ಕನಿಷ್ಠ ಯಾವ ಆಂಡ್ರಾಯ್ಡ್ ಆವೃತ್ತಿ, ಎಷ್ಟು ರ‍್ಯಾಮ್ ಇರಬೇಕೆಂಬುದನ್ನಾದರೂ ಮೊದಲೇ ಬರೆದು ತಿಳಿಸಬೇಕು. ಸಂಬಳದಾರ ಶಿಕ್ಷಕಿಯೊಬ್ಬರು ಫೋನ್ ಕೊಳ್ಳುವಾಗ ತಮ್ಮ ಮನೆಯ ಅಗತ್ಯವನ್ನಷ್ಟೇ ಅಲ್ಲದೆ ಇಲಾಖೆಯ ಮುಂದಿನ ಆ್ಯಪ್‌ನ ಅಗತ್ಯವನ್ನೂ ಊಹಿಸಿಕೊಂಡು ಹಣ ಹಾಕಬೇಕಾಗಿರುವುದು ನ್ಯಾಯವಲ್ಲ.

ಇನ್ನು ಕನ್ನಡ. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಮೂಡತೊಡಗಿದ್ದು 2012ರ 4.1 ಆವೃತ್ತಿಯಿಂದ, ಮೆನುಗಳೇ ಕನ್ನಡದಲ್ಲಿ ಬಂದದ್ದು 2014ರ 5.0 ಆವೃತ್ತಿಯಲ್ಲಿ. ಆ್ಯಪಲ್‌ನ ಸಾಧನಗಳಲ್ಲಿ ಕಂಪನಿಯದೇ ಆದ ಕನ್ನಡ ಕೀಲಿಮಣೆ ಬರಲು 2017ರ ಐಒಎಸ್ 11ರವರೆಗೆ ಕಾಯಬೇಕಾಯಿತು. ಇವತ್ತು ಎರಡರಲ್ಲೂ ಕನ್ನಡ ಓದಬಹುದು, ಬರೆಯಬಹುದು, ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಮಾತಾಡಿಯೋ ಬೆರಳಲ್ಲಿ ಗೀಚಿಯೋ ಬರೆಯಬಹುದು. ತೊಡಕು ಇರುವುದು ಕಚೇರಿಯ ಕೆಲಸದಲ್ಲಿ. ನಮ್ಮ ಸಂಘ ಸಂಸ್ಥೆಗಳ ನಡಾವಳಿ, ಕರಾರುಪತ್ರ, ಆಮಂತ್ರಣಗಳಲ್ಲಿ ಎಷ್ಟೋ ಇನ್ನೂ ಡಿಟಿಪಿ ಅಂಗಡಿಗಳಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿಯೇ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ ಫಾಂಟಿನಲ್ಲಿ) ಟೈಪಾಗುತ್ತಿವೆ. ಅಂಥ ವರ್ಡ್ ಕಡತವನ್ನು ಐವತ್ತು ಸಾವಿರದ ಟ್ಯಾಬ್‌ನಲ್ಲಿ ತೆರೆದರೂ ಕಾಣುವುದು ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ. ಸಾಧನದ ದೋಷ ಇದರಲ್ಲಿಲ್ಲ. ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಟೈಪಾಗದ ಕಡತ ಆ ಫಾಂಟ್ ಇಲ್ಲದ ಕಡೆ ಹಾಗೆಯೇ ಕಾಣುತ್ತದೆ. ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಕಳಿಸಿ ಎಂದು ಕೇಳುವ ಅಭ್ಯಾಸ ನಮಗೆಲ್ಲ ಬರಬೇಕು. ಟ್ಯಾಬ್‌ನಿಂದ ಕನ್ನಡದಲ್ಲಿ ದೀರ್ಘವಾಗಿ ಬರೆಯುವ ಉದ್ದೇಶವಿರುವವರು ಹೊರಗಿನ ಬ್ಲೂಟೂತ್ ಕೀಲಿಮಣೆಯನ್ನು ಅಂಗಡಿಯಲ್ಲೇ ಜೋಡಿಸಿ, ತಮಗೆ ರೂಢಿಯಿರುವ ವಿನ್ಯಾಸದಲ್ಲಿ ‘ಕಾರ್ಯದರ್ಶಿ’, ‘ರಾಷ್ಟ್ರೀಯ’, ‘ರ‍್ಯಾಂಕ್’ ಎಂದು ಬರೆದು ನೋಡಬೇಕು. ಪರದೆಯ ಮೇಲಿನ ಕೀಲಿಗಳಲ್ಲಿ ಸಲೀಸಾಗಿ ಬರುವುದು ಹೊರಗಿನ ಕೀಲಿಮಣೆ ಜೋಡಿಸಿದಾಗ ಬಂದೇ ಬರುತ್ತದೆಂಬ ಖಾತ್ರಿಯಿಲ್ಲ.

ಮನೆಯ ಬಳಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿರಿಯರಿಗೆ ದೊಡ್ಡ ಅಕ್ಷರದಲ್ಲಿ ಓದಲು, ಪರವೂರಿನ ಮಕ್ಕಳ ಮುಖ ನೋಡುತ್ತ ಮಾತಾಡಲು ಟ್ಯಾಬ್ ಒಳ್ಳೆಯದು. ತಮ್ಮ ಇ-ಪೇಪರನ್ನು ಫೋನಿನಲ್ಲಿ ಓದುವ ಸಾಹಸ ಮಾಡಿದವರಿಗೆ ಅದರ ಬೆಲೆ ಇನ್ನೂ ಚೆನ್ನಾಗಿ ಗೊತ್ತು. ಬಳಸದೆ ತಿಂಗಳುಗಟ್ಟಲೆ ಬ್ಯಾಟರಿ ಬರಿದಾಗಿಸಿ ಕಪಾಟಿನಲ್ಲಿಟ್ಟರೆ ಲಿಥಿಯಂ ಬ್ಯಾಟರಿ ಕೆಡುತ್ತದೆ ಎಂಬುದನ್ನು ಮಾತ್ರ ಅವರಿಗೆ ಹೇಳಿರಬೇಕು. ಮಡಚುವ ಫೋನ್‌ಗಳು ಎರಡೂ ಕೆಲಸ ಮಾಡುತ್ತವೆಯೆಂದು ಹೇಳುತ್ತಾರೆ. ಪುಸ್ತಕದಂತೆ ತೆರೆದುಕೊಳ್ಳುವ ಬಗೆಯದರ ಬೆಲೆ ಹೆಚ್ಚಾಗಿ ಲಕ್ಷ ರೂಪಾಯಿ ದಾಟುವುದರಿಂದ ಅವುಗಳ ಚರ್ಚೆಯನ್ನು ನಾನು ಉಳ್ಳವರಿಗೇ ಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಅದರ ಐಎಂಇಐ ಸಂಖ್ಯೆಯನ್ನು (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಪರಿಶೀಲಿಸಬಹುದು, ಕಳೆದುಹೋದ ಫೋನನ್ನು ಅಲ್ಲಿಯೇ ನಿರ್ಬಂಧಿಸಲೂಬಹುದು. ವೈ-ಫೈ ಮಾತ್ರ ಇರುವ ಟ್ಯಾಬ್‌ಗೆ ಐಎಂಇಐ ಇರುವುದೇ ಇಲ್ಲವಾದ್ದರಿಂದ ಆ ಸೌಲಭ್ಯ ಅದಕ್ಕಿಲ್ಲ; ಕಳವಾದರೆ ಗೂಗಲ್ ಅಥವಾ ಆ್ಯಪಲ್ ಖಾತೆಯ ಮೂಲಕ ಹುಡುಕುವುದೊಂದೇ ದಾರಿ.

ನನ್ನ ಕೋರಿಕೆ ಇಷ್ಟೇ. ತಮ್ಮ ತಂತ್ರಜ್ಞಾನ ಪುಟದಲ್ಲಿ ಯಾವುದೇ ಫೋನ್ ಅಥವಾ ಟ್ಯಾಬ್‌ನ ವಿಮರ್ಶೆ ಬರುವಾಗ, ಅದರ ಭದ್ರತಾ ಅಪ್‌ಡೇಟ್ ಯಾವ ವರ್ಷದ ಯಾವ ತಿಂಗಳಿಗೆ ಮುಗಿಯುತ್ತದೆ ಎಂಬುದನ್ನು ಬೆಲೆಯ ಪಕ್ಕದಲ್ಲೇ ಅಚ್ಚು ಮಾಡಿ. ಟ್ಯಾಬ್ ಆಗಿದ್ದರೆ ಸಿಮ್ ಇದೆಯೇ, ಇದ್ದರೆ ಕರೆ ಮತ್ತು ಎಸ್‌ಎಂಎಸ್ ಬರುತ್ತದೆಯೇ, ಜಿಪಿಎಸ್ ಇದೆಯೇ ಎಂಬುದನ್ನು ತಿಳಿಸಿ. ಸಾಧನವನ್ನು ಪರೀಕ್ಷಿಸುವ ತಮ್ಮ ವರದಿಗಾರರು ಒಂದು ಪಹಣಿಯ ಪಿಡಿಎಫ್ ತೆರೆದು, ಕನ್ನಡದಲ್ಲಿ ಒಂದು ಪುಟ ಟೈಪ್ ಮಾಡಿ, ಬೆಂಗಳೂರಿನ ಹೊರಗೆ ಡಿಸ್‌ಪ್ಲೇ ಬದಲಿಸಲು ಎಷ್ಟು ಖರ್ಚು, ಎಷ್ಟು ದಿನ ಎಂದು ಯಾವುದಾದರೂ ಜಿಲ್ಲಾ ಕೇಂದ್ರದ ಸೇವಾ ಕೇಂದ್ರಕ್ಕೆ ಫೋನ್ ಮಾಡಿ ಕೇಳಲಿ. ಪಟ್ಟಿಯಲ್ಲಿ ಇಷ್ಟಕ್ಕೆಲ್ಲ ಜಾಗವಿಲ್ಲವೆನ್ನುವುದಾದರೆ, ಎರಡು ಮೆಗಾಪಿಕ್ಸೆಲ್‌ನ ಮ್ಯಾಕ್ರೊ (ತೀರ ಹತ್ತಿರದ ಚಿತ್ರ ತೆಗೆಯುವ) ಕ್ಯಾಮೆರಾದ ಸಾಲನ್ನು ತೆಗೆದುಹಾಕಿದರೆ ಓದುಗರು ಯಾರೂ ಆಕ್ಷೇಪಿಸಲಾರರು.

ಇಂತಿ ತಮ್ಮ ವಿಶ್ವಾಸಿ,
ತೆರಿಗೆ ಸಲಹೆಗಾರ ಓದುಗ,
ಶಿರಸಿ, ಉತ್ತರ ಕನ್ನಡ